ಏಳನೇ ಮೇಜಿನ ದನಿ

ಹತ್ತು ಮನೆಯವರು ದನಿ ಕೇಳಿದ ಕೂಡಲೇ ಅತ್ತಿದ್ದರು. ಹನ್ನೊಂದನೆಯವಳಾದ ದಾಕ್ಷಾಯಣವ್ವ ಅಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಯಂತ್ರದ ಮುಂದೆ ಕೂತಿದ್ದ ಆಕೆ, ದನಿ ನಿಂತ ಮೇಲೆ ಸೆರಗು ಇಳಿಸಿ ಇನ್ನೊಮ್ಮೆ ಹಚ್ಚಲು ಹೇಳಿದಳು. ಎರಡನೆಯ ಸಲವೂ ಪೂರ್ತಿ ಕೇಳಿ ಎದ್ದು ನಿಂತಳು.

"ಇವ್ರು ನಮ್ಮನಿಯವ್ರಲ್ರಿ," ಅಂದಳು.

ಬಾಗಿಲ ಬಳಿ ಫಕ್ಕೀರಪ್ಪ ನೀರಿನ ಲೋಟ ಹಿಡಿದು ನಿಂತಿದ್ದ. ಆ ದನಿ ಯಾರದು ಎಂಬ ಪ್ರಶ್ನೆ ಎದ್ದರೆ ಅದು ಸುತ್ತಿ ಬಳಸಿ ತನ್ನ ಹತ್ತಿರವೇ ಬರುತ್ತದೆ ಎಂದು ಅವನಿಗೆ ಆ ಕ್ಷಣದಲ್ಲೇ ತಿಳಿದುಹೋಯಿತು.

ರಾಣೆಬೆನ್ನೂರಿನ ಹೊರಗೆ, ಹಲಗೇರಿ ರಸ್ತೆಯ ಮೇಲಿದ್ದ ಆ ವೈದ್ಯಕೀಯ ಕಾಲೇಜಿನಲ್ಲಿ ಫಕ್ಕೀರಪ್ಪ ಇಪ್ಪತ್ತೆಂಟು ವರ್ಷದಿಂದ ಶರೀರರಚನೆ ವಿಭಾಗದ ಅಟೆಂಡರ್. ದಾನವಾಗಿ ಬಂದ ದೇಹಗಳನ್ನು ಇಳಿಸಿಕೊಳ್ಳುವುದು, ತೊಳೆಯುವುದು, ಕೆಡದಂತೆ ರಕ್ತನಾಳಕ್ಕೆ ಫಾರ್ಮಲಿನ್ ಏರಿಸುವುದು, ಕಾಲಿನ ಹೆಬ್ಬೆರಳಿಗೆ ನಂಬರಿನ ಬಿಲ್ಲೆ ಕಟ್ಟುವುದು, ವಿದ್ಯಾರ್ಥಿಗಳು ಕಲಿತು ಮುಗಿಸಿದ ಮೇಲೆ ಉಳಿದದ್ದನ್ನು ಮಣ್ಣಿಗೆ ಸೇರಿಸುವುದು ಎಲ್ಲವೂ ಅವನ ಕೈಯಲ್ಲೇ. ಡಾಕ್ಟರಾಗಿ ಹೋದ ಸಾವಿರಾರು ಹುಡುಗರು ಅವನ ಹೆಸರು ಮರೆತಿರಬಹುದು, ಅವನು ಮಾತ್ರ ಯಾವ ಮೇಜಿನ ಮೇಲೆ ಯಾರಿದ್ದರು ಎಂಬುದನ್ನು ಮರೆತವನಲ್ಲ.

ದನಿಯ ಯಂತ್ರ ಬಂದದ್ದು ಎರಡು ವರ್ಷದ ಹಿಂದೆ. ಗುಟ್ಕಾ, ತಂಬಾಕು ತಿಂದು ಗಂಟಲಿಗೆ ಕ್ಯಾನ್ಸರ್ ಬಂದವರ ಧ್ವನಿಪೆಟ್ಟಿಗೆ ತೆಗೆದರೆ ಜೀವ ಉಳಿಯುತ್ತದೆ, ದನಿ ಹೋಗುತ್ತದೆ. ಕುತ್ತಿಗೆಗೆ ಒತ್ತಿ ಹಿಡಿಯುವ ಹಳೆಯ ಉಪಕರಣದಿಂದ ಮಾತೇನೋ ಬರುತ್ತಿತ್ತು. ಆದರೆ ಗಂಡಸು, ಹೆಂಗಸು, ಮುದುಕ, ತರುಣ ಎನ್ನದೆ ಎಲ್ಲರದೂ ಒಂದೇ ಜೀರುಂಡೆಯ ದನಿ. ಇಂಜಿನಿಯರ್ ನದಾಫರ ತಂದೆ ಆ ದನಿಯಲ್ಲಿ ಆರು ವರ್ಷ ಮಾತನಾಡಿ ತೀರಿಕೊಂಡಿದ್ದರು. ಅದಕ್ಕೇ ನದಾಫರು ಈ ಕೆಲಸಕ್ಕೆ ಕೈ ಹಾಕಿದ್ದು.

ಅವರ ಲೆಕ್ಕ ಸರಳವಾಗಿತ್ತು. ಗಂಟಲಿನ ಪೆಟ್ಟಿಗೆಯ ಎರಡು ಪದರಗಳು ಬರೀ ಗುಂಯ್ ಅನ್ನುತ್ತವೆ. ಆ ಗುಂಯ್ ಎಂಬುದು ಮೇಲಿನ ಗಂಟಲ ಕೊಳವೆ, ಬಾಯಿ, ಅಂಗುಳು, ಮೂಗು, ಹಣೆ ಮತ್ತು ಕೆನ್ನೆಯ ಮೂಳೆಯೊಳಗಿನ ಗಾಳಿಗೂಡುಗಳನ್ನು ಹಾದು ಬರುವಾಗ ಒಬ್ಬೊಬ್ಬರದು ಒಂದೊಂದು ದನಿಯಾಗುತ್ತದೆ. ತಲೆಯನ್ನೂ ಕುತ್ತಿಗೆಯನ್ನೂ ಸ್ಕ್ಯಾನ್ ಮಾಡಿ, ಆ ಪೊಳ್ಳು ಜಾಗವನ್ನೆಲ್ಲ ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ತೆಗೆದು, ಕೆಳಗಿನಿಂದ ಗಾಳಿ ಊದಿದರೆ ಆ ಮನುಷ್ಯನ ದನಿ ಬರಬೇಕು. ಬರುತ್ತದೋ ಇಲ್ಲವೋ ಎಂದು ಒರೆಗೆ ಹಚ್ಚಲು ಬೇಕಾದದ್ದು ಎರಡು: ಗಂಟೆಗಟ್ಟಲೆ ಅಲುಗಾಡದೆ ಅಳತೆ ಕೊಡುವ ಗಂಟಲು, ಮತ್ತು ಆ ಗಂಟಲಿನ ದನಿ ಮರೆಯದ ಒಬ್ಬ ಮನುಷ್ಯ. ದೇಹದಾನ ಮಾಡಿದವರ ಮನೆಗಳಲ್ಲಿ ಎರಡೂ ಸಿಕ್ಕವು. ಸತ್ತವರ ನಾಲಿಗೆ ಹೊರಳುವುದಿಲ್ಲವಾದ್ದರಿಂದ ಮಾತು ಬರುವಂತಿರಲಿಲ್ಲ. ಬರುತ್ತಿದ್ದದ್ದು ಒಂದೇ ಸ್ವರ, ತೆರೆದ ಬಾಯಿಯ 'ಆ'.

ಅಷ್ಟು ಸಾಕಾಗಿತ್ತು. ಹತ್ತು ಮನೆಯವರು ಆ ಒಂದು 'ಆ'ದಲ್ಲೇ ಅಪ್ಪನನ್ನೋ ಅವ್ವನನ್ನೋ ಗುರುತಿಸಿದ್ದರು. ಇನ್ನೊಂದು ಮನೆಯವರು ಹೌದೆಂದರೆ ಯಂತ್ರ ಬದುಕಿರುವ ರೋಗಿಗಳ ಕಡೆಗೆ ಹೋಗುವುದಿತ್ತು.

ಹನ್ನೊಂದನೆಯವರು ಶಂಕ್ರಣ್ಣ ಗಂಜಿಗಟ್ಟಿ, ಏಳನೇ ಮೇಜು. ಊರಿನ ಹಳೇ ಪೇಟೆಯಲ್ಲಿ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಮಕ್ಕಳಿರಲಿಲ್ಲ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಬಗ್ಗಿಸಿದರೆ ಸಂಜೆಯ ತನಕ ಎತ್ತದ ಮನುಷ್ಯ. ಅವರಿಂದ ಮಾತು ಹೊರಡಿಸುವುದೆಂದರೆ ಗಾಣದಿಂದ ಎಣ್ಣೆ ತೆಗೆದಷ್ಟು ಕಷ್ಟ. ಹೆಂಡತಿ ಏನು ಕರೆದರೂ ಕೂತಲ್ಲಿಂದಲೇ 'ಆ' ಅನ್ನುತ್ತಿದ್ದರಂತೆ, ಅಷ್ಟೆ. ಹಾಗಾಗಿ ಬೇರೆಯವರಿಗೆ ತಮ್ಮವರ ದನಿಯ ಒಂದು ಚೂರು ಸಿಕ್ಕಿದ್ದರೆ, ದಾಕ್ಷಾಯಣವ್ವನಿಗೆ ಇಡೀ ಗಂಡನೇ ಸಿಗಬೇಕಾಗಿತ್ತು. ಅವರ ಕಡೆ ಸತ್ತವರನ್ನು ಕೂರಿಸಿ ಮಣ್ಣು ಕೊಡುತ್ತಾರೆ, ಮೇಲೆ ಗದ್ದಿಗೆ ಮಾಡುತ್ತಾರೆ. ಗಂಡ ದೇಹ ಬರೆದುಕೊಟ್ಟದ್ದಕ್ಕೆ ಆಕೆಗೆ ಹೂವಿಡಲು ಒಂದು ಹಿಡಿ ಮಣ್ಣೂ ಇರಲಿಲ್ಲ. ಬೀಗರು ಬಿಜ್ಜರು ಆಡಿಕೊಂಡಿದ್ದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿದ್ದಳು.

"ಅವ್ರಲ್ಲ ಅಂದ್ರ ಅವ್ರು ಎಲ್ಲಿ ಅದಾರ, ಅದನ್ನಾರ ಹೇಳ್ರಿ," ಎಂದು ಆಕೆ ವಿಭಾಗದ ಮುಖ್ಯಸ್ಥೆ ಬಡಿಗೇರ ಮೇಡಂ ಅವರನ್ನು ಕೇಳಿದಳು. ದನಿ ಏರಿಸಿ ಕೇಳಿದ್ದರೆ ಫಕ್ಕೀರಪ್ಪನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಸಂಬಂಧಿಕರಿಗೆ ದೇಹ ತೋರಿಸುವ ಪದ್ಧತಿ ಇಲ್ಲ. ಆದರೂ ಮೇಡಂ ಅವತ್ತು ಮುಖದ ಬಟ್ಟೆ ಸರಿಸಿ ತೋರಿಸಿದರು. ಫಾರ್ಮಲಿನ್ ಕುಡಿದು ಬಿಗಿದ ಚರ್ಮ, ಒಳಕ್ಕೆ ಕುಸಿದ ತುಟಿ, ಚೂಪಾದ ಗದ್ದ. ಆಕೆ ಬಹಳ ಹೊತ್ತು ನೋಡಿ, ಹೌದು ಅನ್ನಲೂ ಬರುತ್ತಿಲ್ಲ, ಅಲ್ಲ ಅನ್ನಲೂ ಬರುತ್ತಿಲ್ಲ ಎಂದಳು. ಡಿಎನ್‌ಎ ಪರೀಕ್ಷೆಗೆ ತಾಳೆ ನೋಡಲು ಮಕ್ಕಳಿಲ್ಲ, ಒಡಹುಟ್ಟಿದವರು ಯಾರೂ ಉಳಿದಿಲ್ಲ, ಇದ್ದವನು ಅಣ್ಣನ ಮಗ ಒಬ್ಬನೇ. ಅವನೊಂದಿಗೆ ತಾಳೆ ನೋಡೋಣವೆಂದರೂ ಫಾರ್ಮಲಿನ್ನಿನಲ್ಲಿ ವರ್ಷ ಕಳೆದ ದೇಹದಲ್ಲಿ ಡಿಎನ್‌ಎ ಸರಿಯಾಗಿ ಸಿಗುವುದಿಲ್ಲ ಎಂದು ಮೇಡಂ ಹೇಳಿದರು.

ಆಮೇಲೆ ರಿಜಿಸ್ಟರು ತೆರೆದರು. ಶಂಕ್ರಣ್ಣನವರು ಬಂದ ದಿನವೇ ಬಸ್ ನಿಲ್ದಾಣದಲ್ಲಿ ತೀರಿಕೊಂಡ, ವಾರಸುದಾರರಿಲ್ಲದ ಒಬ್ಬ ಮುದುಕನೂ ಬಂದಿದ್ದ. ಇಬ್ಬರದೂ ಒಂದೇ ವಯಸ್ಸು, ಒಂದೇ ಎತ್ತರ. ಇಬ್ಬರ ಹೆಸರಿನ ಮುಂದೆಯೂ ಫಕ್ಕೀರಪ್ಪನದೇ ಅಕ್ಷರದಲ್ಲಿ 'ಹಲ್ಲು: ಇಲ್ಲ' ಎಂದು ಬರೆದಿತ್ತು. ಆ ಮುದುಕನ ದೇಹದ ಮೇಲೆ ಸರ್ಜರಿಯವರು ಮೊದಲ ಆರು ತಿಂಗಳಲ್ಲೇ ಕಲಿತು ಮುಗಿಸಿದ್ದರು. ಉಳಿದದ್ದನ್ನು ಊರ ಹೊರಗಿನ ಮುನ್ಸಿಪಾಲಿಟಿ ಜಾಗದಲ್ಲಿ ಹೂತಾಗಿತ್ತು, ಮೇಲೆ ಒಂದು ಕಲ್ಲೂ ಇರಲಿಲ್ಲ.

"ಫಕ್ಕೀರಪ್ಪ, ಬಿಲ್ಲೆ ಯಾವಾಗ ಕಟ್ಟಿದ್ರಿ?" ಎಂದು ಮೇಡಂ ಕೇಳಿದರು.

ನಿಯಮದ ಪ್ರಕಾರ ದೇಹ ಗಾಡಿಯಿಂದ ಇಳಿಯುವ ಮೊದಲೇ ಬಿಲ್ಲೆ ಕಟ್ಟಬೇಕು. ಫಕ್ಕೀರಪ್ಪ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಹಾಗೆ ಕಟ್ಟಿದವನಲ್ಲ. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತಾರೆ. ಕೈಕಾಲು ತೊಳೆಯುವ ಮೊದಲೇ ಯಾರನ್ನೂ ಹೆಸರು, ನಂಬರು ಕೇಳುವುದಿಲ್ಲ. ಇವರೂ ಬಂದವರೇ ಎಂದು ಅವನ ಎಣಿಕೆ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಒರೆಸಿ, ಆಮೇಲೆ ಬಿಲ್ಲೆ ಕಟ್ಟುತ್ತಿದ್ದ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಂದರೆ ಅರ್ಧ ಗಂಟೆ ಇಬ್ಬರು ಮುದುಕರು ಅಕ್ಕಪಕ್ಕದ ಕಲ್ಲಿನ ಮೇಲೆ ಹೆಸರಿಲ್ಲದೆ ಮಲಗಿದ್ದರು.

ಮೇಡಂ ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸೋಮವಾರ ವಿದ್ಯಾರ್ಥಿಗಳು ತಲೆ ಮತ್ತು ಕುತ್ತಿಗೆಯ ಪಾಠ ಶುರು ಮಾಡುತ್ತಾರೆ, ಕೈ ಕಾಲು ಹೊಟ್ಟೆಯೆಲ್ಲ ಮುಗಿದು ಕಡೆಗೆ ಬರುವುದು ಅದೇ, ಆಮೇಲೆ ಏನೂ ಪರೀಕ್ಷಿಸಲು ಉಳಿಯುವುದಿಲ್ಲ, ಅಷ್ಟರೊಳಗೆ ಗೊತ್ತಾಗದಿದ್ದರೆ ಮೇಲಕ್ಕೆ ಬರೆಯಲೇಬೇಕು ಎಂದರು. ಅಂದು ಮಂಗಳವಾರ. ಫಕ್ಕೀರಪ್ಪನ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಆದರೆ ನಿಜ ಹೇಳಬೇಕೆಂದರೆ ಅವನಿಗೆ ನೌಕರಿಯ ಚಿಂತೆ ಅಷ್ಟಿರಲಿಲ್ಲ. ಒಂದು ಹೆಣ್ಣುಮಗಳ ಗಂಡನನ್ನು ದಿಕ್ಕಿಲ್ಲದವನೆಂದು ತಾನು ಹೂತುಬಿಟ್ಟೆನೇ ಎಂಬುದು ಬಿಸಿತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಇಬ್ಬರ ಕಾಲೂ ಅವನಿಗೆ ನೆನಪಿದ್ದವು. ಒಬ್ಬರ ಹಿಮ್ಮಡಿ ಒಡೆದಿತ್ತು. ಯಾರದು? ನೆನಪಿಸಿಕೊಳ್ಳಲು ಹೋದಷ್ಟೂ ಕಾಲುಗಳು ಅದಲುಬದಲಾಗುತ್ತಿದ್ದವು.

ಬುಧವಾರ ನದಾಫರು ಮತ್ತೆ ಸ್ಕ್ಯಾನ್ ಮಾಡಿದರು, ಮತ್ತೆ ಅಚ್ಚು ತೆಗೆದರು. ಫಾರ್ಮಲಿನ್ನಿನಿಂದ ಮಾಂಸ ಎಷ್ಟು ಕುಗ್ಗುತ್ತದೆ ಎಂಬುದನ್ನು ಕೂಡಿ ಕಳೆದು ನೋಡಿದರು. ಅದೇ ದನಿ ಬಂತು, ಸಣ್ಣಗೆ, ಗಾಳಿ ಸೋರುವ ಹಾಗೆ. ಯಂತ್ರ ಸರಿಯಾಗಿದೆ ಎಂದರು. ಅದರರ್ಥ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗುರುವಾರ ಮಧ್ಯಾಹ್ನ ಫಕ್ಕೀರಪ್ಪ ಊಟಕ್ಕೆ ಮನೆಗೆ ಹೋದ. ಹಿತ್ತಲ ಬಾಗಿಲಿನಿಂದ ಹೊಕ್ಕು, ಬಚ್ಚಲಲ್ಲಿ ಮೈ ತೊಳೆದು, ಬೇರೆ ಬಟ್ಟೆ ಉಟ್ಟ ಮೇಲೆಯೇ ಒಳಗೆ ಕಾಲಿಡುವುದು ಅವನ ಹೆಂಡತಿ ಮಂಜವ್ವ ಮದುವೆಯಾದ ಹೊಸದರಲ್ಲೇ ಹಾಕಿದ ಕಟ್ಟಳೆ. ಓಣಿಯವರು ಈಗಲೂ ಅವರ ಮನೆಯಲ್ಲಿ ಚಹಾ ಕುಡಿಯಲು ಹಿಂದೆ ಮುಂದೆ ನೋಡುತ್ತಾರೆ. ಆದರೆ ಯಾರ ಮನೆಯಲ್ಲಾದರೂ ಸಾವಾದರೆ ಹೆಣಕ್ಕೆ ಸ್ನಾನ ಮಾಡಿಸಲು ಮೊದಲು ಹುಡುಕಿಕೊಂಡು ಬರುವುದು ಅವನನ್ನೇ.

ಗುತ್ತಲದಿಂದ ಅವನ ಅಕ್ಕ ಕೆಂಚವ್ವ ಕಣ್ಣು ತೋರಿಸಿಕೊಳ್ಳಲು ಬಂದು ಮೂರು ದಿನವಾಗಿತ್ತು. ಮಂಜವ್ವ ರೊಟ್ಟಿ, ಹೆಸರುಕಾಳಿನ ಪಲ್ಲೆ ಬಡಿಸಿದಳು. ಎರಡು ತುತ್ತು ಉಂಡಿರಲಿಲ್ಲ, ಒಳಕೋಣೆಯಿಂದ ಯಾವುದೋ ಮುದುಕಿಯ ದನಿ ಯಾರು ಬಂದರೆಂದು ಕೇಳಿತು. ತೆಳ್ಳಗಿನ, ಗಾಳಿ ಸೋರುವ ದನಿ. ಯಾರು ಬಂದಿದ್ದಾರೆ ಎಂದು ಫಕ್ಕೀರಪ್ಪ ಹೆಂಡತಿಯನ್ನು ಕೇಳಿದ.

"ಒಡಹುಟ್ಟಿದ ಅಕ್ಕನ ದನಿ ಮರತ್ರೇನು?" ಎಂದು ಮಂಜವ್ವ ನಕ್ಕಳು. "ಹಲ್ಲಿನ ಸೆಟ್ಟ ತಗದ ಕೊಟ್ಟಾರ, ತೊಳದ ಇಟ್ಟೇನಿ. ಹಲ್ಲಿದ್ದಾಗ ಕಡಲಿ ಇಲ್ಲ, ಕಡಲಿ ಇದ್ದಾಗ ಹಲ್ಲಿಲ್ಲ ಅಂತ ಬೆಳಿಗ್ಗಿಂದ ಒಂದ ಸವನ ಹಾಡಾಕತ್ತಾರ."

ಫಕ್ಕೀರಪ್ಪನ ಕೈ ರೊಟ್ಟಿಯ ಮೇಲೆಯೇ ನಿಂತಿತು. ಎದ್ದು ಒಳಗೆ ಹೋಗಿ ನೋಡಿದ. ಕೆಂಚವ್ವನ ತುಟಿ ಒಳಕ್ಕೆ ಮಡಚಿಕೊಂಡು, ಗದ್ದ ಮೂಗಿನ ಹತ್ತಿರ ಬಂದಿತ್ತು. ಇನ್ನೊಂದು ಮಾತು ಆಡು ಎಂದು ಅಕ್ಕನನ್ನು ಕೇಳಿದ. ಏನು ಆಡಲಿ, ನಿನಗೆ ಹುಚ್ಚು ಹಿಡಿದಿದೆಯೇ ಎಂದು ಆಕೆ ಅದೇ ಹೊಸ ದನಿಯಲ್ಲಿ ಬೈದಳು. ಅವನು ಕೈ ತೊಳೆದುಕೊಂಡು, ಉಣ್ಣದೆ, ಸೈಕಲ್ ಹತ್ತಿದ.

ಕಾಲೇಜು ಮುಟ್ಟಿದರೂ ಮೇಡಂ ಕೋಣೆಯ ಕಡೆ ಕಾಲು ಏಳಲಿಲ್ಲ. ಮೂಳೆ ಒಣಗಿಸುವ ಕೋಣೆಯ ಹಿಂದೆ ಒಂದು ಮರದ ಕಪಾಟಿತ್ತು, ಬೀಗದ ಕೈ ಅವನ ಉಡಿದಾರದಲ್ಲಿತ್ತು. ಅದರೊಳಗೆ ಇಪ್ಪತ್ತಮೂರು ಗಾಜಿನ ಬಾಟಲಿಗಳು. ಒಂದೊಂದರಲ್ಲೂ ತಿಳಿ ನೀರು, ನೀರಿನಲ್ಲಿ ಒಂದೊಂದು ಹಲ್ಲಿನ ಸೆಟ್ಟು, ಹೊರಗೆ ಅಂಟಿಸಿದ ಹೆಸರು. ಒಣಗಿದರೆ ಸೊಟ್ಟಾಗುತ್ತವೆ ಎಂದು ಪ್ರತಿ ಶನಿವಾರ ನೀರು ಬದಲಿಸುತ್ತಿದ್ದ. ದೇಹದ ಮೇಲಿನ ವಸ್ತುಗಳನ್ನು ಮನೆಯವರಿಗೆ ಕೊಡಬೇಕು, ಆರು ತಿಂಗಳು ಯಾರೂ ಕೇಳದಿದ್ದರೆ ಸುಟ್ಟು ರುಜು ಹಾಕಬೇಕು ಎಂಬುದು ನಿಯಮ. ಇಪ್ಪತ್ತಮೂರು ಸಲ ಅವನು 'ಸುಟ್ಟಿದೆ' ಎಂದು ಬರೆದು ರುಜು ಹಾಕಿದ್ದ. ಈಗ ಬಾಟಲಿ ಹೊರಗೆ ತಂದರೆ ಆ ರುಜುಗಳೆಲ್ಲ ಸುಳ್ಳು. ಸುಳ್ಳು ರುಜು ಹಾಕಿದವನು ಕಟ್ಟಿದ ಬಿಲ್ಲೆಯನ್ನು ಯಾರು ನಂಬುತ್ತಾರೆ? ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನು ತುಸು ಹೊತ್ತು ಬೆವರು ಒರೆಸಿಕೊಂಡ. ಆಮೇಲೆ ಗಂಜಿಗಟ್ಟಿ ಎಂದು ಬರೆದಿದ್ದ ಬಾಟಲಿ ತೆಗೆದುಕೊಂಡು ಎದ್ದ.

ಮೇಡಂ ಬಾಟಲಿಯನ್ನು ನೋಡಿದರು, ರಿಜಿಸ್ಟರು ನೋಡಿದರು, ಅವನ ಮುಖ ನೋಡಿದರು.

"ಸುಟ್ಟೈತಿ ಅಂತ ಬರದೀರಲ್ಲ ಫಕ್ಕೀರಪ್ಪ."

"ಬರದೇನ್ರಿ. ಕಣ್ಣಿನ ಚಾಳೀಸ ಒಯ್ತಾರ, ಉಂಗುರ ಒಯ್ತಾರ, ಹಲ್ಲ ಯಾರೂ ಒಯ್ಯಂಗಿಲ್ರಿ. ಅನ್ನ ಉಂಡ ಹಲ್ಲು, ಬೆಂಕಿಗೆ ಹಾಕಾಕ ಕೈ ಬರಲಿಲ್ಲ." ಅವನು ಬಾಟಲಿಯನ್ನು ಮುಂದಕ್ಕೆ ಸರಿಸಿದ. "ಇದನ್ನ ಅವ್ರ ಬಾಯಿಂದ ನಾ ತಗದದ್ದು ಗಾಡಿ ಮ್ಯಾಲ ಇದ್ದಾಗ್ರಿ, ಕಾಲ ತೊಳ್ಯೂದಕ್ಕಿಂತ ಮೊದಲ. ಅವ್ರ ಅಣ್ಣನ ಮಗ ಬಾಜೂಕಽ ನಿಂತಿದ್ದ. ಒಯ್ರಿ ಅಂದೆ, ಒಗೀರಿ ಅಂದ."

ನದಾಫರು ಕುರ್ಚಿಯಿಂದ ಅರ್ಧ ಎದ್ದು ಹಾಗೇ ನಿಂತರು. ಮೊದಲ ಹತ್ತು ಜನರಲ್ಲಿ ಹಲ್ಲಿಲ್ಲದವರು ನಾಲ್ಕು ಜನ, ಅವರು ಬದುಕಿದ್ದಾಗಲೂ ಬೋಳುಬಾಯಿಯವರೇ. ಅದಕ್ಕೇ ಲೆಕ್ಕ ಸರಿಹೋಗಿತ್ತು. ಹಲ್ಲಿನ ಸೆಟ್ಟು ತೆಗೆದರೆ ಕೆಳದವಡೆ ಮೇಲಕ್ಕೇರುತ್ತದೆ, ತುಟಿ ಒಳಗೆ ಹೋಗುತ್ತದೆ, ಬಾಯಿಯ ಕೋಣೆಯೇ ಬೇರೆಯಾಗುತ್ತದೆ. "ನಾವು ಸತ್ತವರ ಬಾಯಿ ಅಳದ್ವಿ ಮೇಡಂ," ಎಂದರು. "ಬದುಕಿದ್ದಾಗ ಬಾಯಿ ಹೆಂಗಿತ್ತು ಅಂತ ಒಬ್ಬರನ್ನೂ ಕೇಳಲಿಲ್ಲ."

ಶಂಕ್ರಣ್ಣನವರ ಅಣ್ಣನ ಮಗನಿಗೆ ಫೋನ್ ಮಾಡಿದ್ದಾಯಿತು. ಹೌದು, ಹಲ್ಲು ತೆಗೆದದ್ದು ತನ್ನೆದುರಿಗೇ, ಒಗೆಯಿರಿ ಎಂದವನೂ ತಾನೇ ಎಂದು ಅವನು ಒಪ್ಪಿಕೊಂಡ. ಚಿಕ್ಕಮ್ಮನಿಗೆ ಹೇಳಿರಲಿಲ್ಲ. ಚಿಕ್ಕಪ್ಪ ಹಲ್ಲು ಕಟ್ಟಿಸಿಕೊಂಡದ್ದನ್ನು ನಾಚಿಕೊಂಡು ಯಾರಿಗೂ ತೋರಿಸುತ್ತಿರಲಿಲ್ಲವಂತೆ, ದೀಪ ಆರಿಸಿದ ಮೇಲೆಯೇ ತೆಗೆದು, ಬೆಳಗಾಗುವ ಮೊದಲೇ ಹಾಕಿಕೊಳ್ಳುತ್ತಿದ್ದರಂತೆ. ದಾಕ್ಷಾಯಣವ್ವ ಇಪ್ಪತ್ತು ವರ್ಷದಲ್ಲಿ ಗಂಡನ ಬೋಳುಬಾಯಿಯನ್ನು ಕಂಡವಳೇ ಅಲ್ಲ.

ಆದರೆ ಇದೆಲ್ಲ ಬರೀ ಮಾತು. ಸೆಟ್ಟು ಏಳನೇ ಮೇಜಿನ ಬಾಯಿಗೆ ಕೂರಬೇಕು. ಕೂರದಿದ್ದರೆ, ಮುನ್ಸಿಪಾಲಿಟಿ ಜಾಗದಲ್ಲಿ ಮಲಗಿದವರು ಶಂಕ್ರಣ್ಣ.

ಬಿಗಿದ ದವಡೆಯನ್ನು ಒತ್ತಾಯದಿಂದ ತೆರೆದರೆ ಮುರಿಯುತ್ತದೆ. ಫಕ್ಕೀರಪ್ಪ ಗುರುವಾರ ಸಂಜೆಯವರೆಗೆ, ಮತ್ತೆ ಶುಕ್ರವಾರ ಬೆಳಗಿನಿಂದ, ಬಿಸಿನೀರಿಗೆ ಗ್ಲಿಸರಿನ್ ಬೆರೆಸಿ, ಬಟ್ಟೆ ಅದ್ದಿ ಅದ್ದಿ ಕೆನ್ನೆಯ ಮೇಲೆ ಹಾಕಿದ. ಕಿವಿಯ ಮುಂದೆ ದವಡೆಯ ಕೀಲಿರುವ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿದ. ಶುಕ್ರವಾರ ಮಧ್ಯಾಹ್ನ ಬಾಯಿ ಎರಡು ಬೆರಳು ಹೋಗುವಷ್ಟು ಬಿಟ್ಟುಕೊಟ್ಟಿತು. ಮೇಡಂ ಟಾರ್ಚು ಹಿಡಿದರು. ಮಾಂಸ ಕುಗ್ಗುತ್ತದೆ, ಅಂಗುಳಿನ ಮೂಳೆ ಕುಗ್ಗುವುದಿಲ್ಲ, ಮೇಲಿನ ಸೆಟ್ಟು ನೋಡಿ ಎಂದು ಅವರು ಮೆಲ್ಲಗೆ ಹೇಳಿದರು. ಫಕ್ಕೀರಪ್ಪನಿಗೆ ದೇವರ ಹೆಸರು ಯಾವುದೂ ನೆನಪಾಗಲಿಲ್ಲ. ಸೆಟ್ಟನ್ನು ಒಳಗೆ ತೂರಿಸಿ, ಮೇಲಕ್ಕೆ ಒತ್ತಿದ.

ಅದು ಬೀಗಕ್ಕೆ ಬೀಗದ ಕೈ ಕೂತಂತೆ ಕೂತಿತು. ಎಡಗಡೆ ಒಂದು ಕಡೆ ಅಂಗುಳಿನ ಮೂಳೆ ಸಣ್ಣ ಗಂಟಿನಂತೆ ಉಬ್ಬಿತ್ತು. ಸೆಟ್ಟು ಮಾಡಿದವನು ಅಲ್ಲಿಗೆ ಸರಿಯಾಗಿ ಒಂದು ಗುಳಿ ಬಿಟ್ಟಿದ್ದ. ಕೆಳಗಿನದನ್ನೂ ಕೂರಿಸಿದಾಗ ತುಟಿ ಮುಂದೆ ಬಂತು, ಗದ್ದ ಕೆಳಗಿಳಿಯಿತು. ಮೇಜಿನ ಮೇಲೆ ಗಡಿಯಾರದ ಶಂಕ್ರಣ್ಣ ಮಲಗಿದ್ದರು. ಮೇಡಂ ಟಾರ್ಚು ಆರಿಸಿದರು. ಫಕ್ಕೀರಪ್ಪ ಮುಖ ತಿರುಗಿಸಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ. ಮೂರು ದಿನದಿಂದ ತಡೆದಿದ್ದ ಅಳು ಬಂದೇ ಬಿಟ್ಟಿತು.

ಭಾನುವಾರ ಬೆಳಿಗ್ಗೆ ದಾಕ್ಷಾಯಣವ್ವ ಒಬ್ಬಳೇ ಬಂದಳು. ಹೊಸ ಅಚ್ಚು ಸಿದ್ಧವಾಗಿತ್ತು. ಯಾಕೆ ತಪ್ಪಾಯಿತು ಎಂಬುದನ್ನೆಲ್ಲ ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು, ಬಿಲ್ಲೆಯದು, ಬಾಟಲಿಯದು, ರುಜುವಿನದು. ಆಕೆ ಎಲ್ಲ ಕೇಳಿ ಫಕ್ಕೀರಪ್ಪನ ಕಡೆ ತಿರುಗಿದಳು.

"ಅವ್ರ ಕಾಲ ತೊಳದವ್ರು ನೀವೇನ್ರಿ?"

ಹೌದೆಂದು ಅವನು ತಲೆ ಬಗ್ಗಿಸಿದ. ಹಿಮ್ಮಡಿ ಒಡೆದಿದ್ದವಲ್ಲ ಎಂದು ಆಕೆ ಕೇಳಿದಳು. ಒಡೆದಿದ್ದವು ಎಂದ. ಮುಲಾಮು ಹಚ್ಚಿಕೊಳ್ಳಿ ಎಂದರೆ ಕೇಳುತ್ತಿರಲಿಲ್ಲ ಎಂದು ಆಕೆ ತನ್ನಷ್ಟಕ್ಕೆ ಹೇಳಿಕೊಂಡಳು.

ನದಾಫರು ಗುಂಡಿ ಒತ್ತಿದರು. ಗಾಳಿ ಏರಿತು. ದನಿ ಬಂತು, ತುಂಬಿದ, ತುಸು ಮೂಗಿನಿಂದ ಹೊರಡುವ, ಅರ್ಧ ಗಮನ ಬೇರೆಲ್ಲೋ ಇರುವವನ 'ಆ'.

ಹೌದೋ ಅಲ್ಲವೋ ಎಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ದಾಕ್ಷಾಯಣವ್ವ ನದಾಫರ ಕಡೆ ನೋಡಿದಳು.

"ತಮ್ಮಾ, ನಾ ಕರದ ಮ್ಯಾಲ ಒತ್ತು."

ಸೆರಗು ಸರಿಪಡಿಸಿಕೊಂಡು, ಅಡುಗೆಮನೆಯಿಂದ ಪಡಸಾಲೆಗೆ ಕೇಳುವಷ್ಟು ದನಿ ಎತ್ತರಿಸಿ ಕರೆದಳು.

"ಏನ್ರೀ, ಚಾ ಆರಾಕತ್ತೈತಿ."

ನದಾಫರು ಒತ್ತಿದರು. "ಆ," ಎಂದಿತು ಯಂತ್ರ.

"ಬರಂಗಿಲ್ರಿ ಅವ್ರು," ಎಂದು ಆಕೆ ಎಲ್ಲರಿಗೂ ವಿವರಿಸುವವಳ ಹಾಗೆ ಹೇಳಿದಳು. "ಹಿಂಗಽ ಅಂತಿದ್ರು, ಏಳ್ತಿದ್ದಿಲ್ಲ. ನಾನಽ ಒಯ್ದು ಕೈಯಾಗ ಕೊಡಬೇಕಿತ್ತು."

ಅಷ್ಟು ಹೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ದಾಕ್ಷಾಯಣವ್ವ ಅತ್ತಳು.